ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಯಕೃತ್ತಿನಲ್ಲಿ ಕೊಬ್ಬು ಹೆಚ್ಚು: ಒಂದೇ ಮನೆಯ ಮೂವರಲ್ಲಿ ಏಕೆ?

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರ. ವಯಸ್ಸು 51, ತೂಕ 61 ಕಿಲೋ, ಸಕ್ಕರೆ ಕಾಯಿಲೆ ಇಲ್ಲ. ಆರೋಗ್ಯ ಶಿಬಿರವೊಂದರಲ್ಲಿ ರಕ್ತ ಪರೀಕ್ಷಿಸಿದಾಗ ಒಟ್ಟು ಕೊಲೆಸ್ಟ್ರಾಲ್ 94, ಟ್ರೈಗ್ಲಿಸರೈಡ್ ಎಂಬ ಕೊಬ್ಬು 45, 'ಒಳ್ಳೆಯ' ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 52, 'ಕೆಟ್ಟ' ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 33 ಎಂದು ಬಂತು. ಯಕೃತ್ತಿನ ರಕ್ತ ಪರೀಕ್ಷೆಯಾದ ಎಸ್‌ಜಿಪಿಟಿ 58 ಇದೆ, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಕೊಬ್ಬು, ಎಂದು ಬರೆದಿದ್ದಾರೆ. ನನ್ನ ತಂದೆಗೆ 79 ವರ್ಷ. ಅವರ ಒಟ್ಟು ಕೊಲೆಸ್ಟ್ರಾಲ್ ಇಪ್ಪತ್ತು ವರ್ಷಗಳ ಹಿಂದೆಯೂ ನೂರರ ಆಸುಪಾಸಿನಲ್ಲಿತ್ತು, ಈಗಲೂ ಅಷ್ಟೇ ಇದೆ. ತಂಗಿಗೂ ಹೀಗೆಯೇ, ಅವಳಿಗೂ ಫ್ಯಾಟಿ ಲಿವರ್. ಶಿಬಿರದಲ್ಲಿ 'ನೀವು ಪುಣ್ಯವಂತರು, ಏನು ಬೇಕಾದರೂ ತಿನ್ನಬಹುದು' ಎಂದರು. ನೆಂಟರೊಬ್ಬರು 'ಇಷ್ಟು ಕಡಿಮೆಯಾದರೆ ಮರೆವು, ಕ್ಯಾನ್ಸರ್ ಬರುತ್ತದೆ, ತುಪ್ಪ ಮೊಟ್ಟೆ ಹೆಚ್ಚು ಮಾಡಿ' ಎನ್ನುತ್ತಾರೆ. ಯಾವ ಮಾತು ಸರಿ? ಇನ್ನೊಂದು ವಿಷಯ: ನನ್ನ ಮಗಳನ್ನು ತಂಗಿಯ ಮಗನಿಗೆ ಕೊಡುವ ಮಾತು ಮನೆಯಲ್ಲಿ ನಡೆಯುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ನಿಮ್ಮ ಎಲ್‌ಡಿಎಲ್ ಸಂಖ್ಯೆಯಲ್ಲ; ನಿಮ್ಮ ತಂದೆಯವರ ಇಪ್ಪತ್ತು ವರ್ಷ ಹಳೆಯ ವರದಿ. ಕೊಲೆಸ್ಟ್ರಾಲ್ ಹುಟ್ಟಿನಿಂದಲೇ ಕಡಿಮೆ ಇರುವುದಕ್ಕೂ, ಮೊದಲು ಸರಿಯಾಗಿದ್ದದ್ದು ಇತ್ತೀಚೆಗೆ ಇಳಿದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಹಿಂದೆ 180 ಇದ್ದವರಿಗೆ ಈಗ 95 ಬಂದಿದ್ದರೆ, ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆಯೇ, ಕರುಳು ಆಹಾರವನ್ನು ಸರಿಯಾಗಿ ಹೀರಿಕೊಳ್ಳುತ್ತಿಲ್ಲವೇ, ಕ್ಷಯ ಅಥವಾ ಬೇರೆ ದೀರ್ಘಕಾಲದ ಸೋಂಕು ಇದೆಯೇ, ಯಕೃತ್ತು ಬಹಳ ಮುಂದುವರಿದ ಹಂತದಲ್ಲಿ ಕೆಟ್ಟಿದೆಯೇ, ಎಲ್ಲಾದರೂ ಗಂಟು ಬೆಳೆಯುತ್ತಿದೆಯೇ ಎಂದು ಹುಡುಕಬೇಕಾಗುತ್ತದೆ. ನೆಂಟರು ಹೇಳಿದ ಕ್ಯಾನ್ಸರಿನ ಮಾತಿಗೆ ಮೂಲ ಬಹುಶಃ ಇಲ್ಲಿಯೇ ಇದೆ: ಪತ್ತೆಯಾಗದ ಕ್ಯಾನ್ಸರ್ ದೇಹದ ಕೊಲೆಸ್ಟ್ರಾಲನ್ನು ಇಳಿಸುತ್ತದೆ, ಆದ್ದರಿಂದ ಕಡಿಮೆ ಕೊಲೆಸ್ಟ್ರಾಲ್ ಇರುವವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ, ಅಲ್ಲಿ ಕಾರಣವನ್ನು ಫಲವೆಂದೂ ಫಲವನ್ನು ಕಾರಣವೆಂದೂ ತಿಳಿದುಕೊಂಡದ್ದೇ ಹೆಚ್ಚು. ತಂದೆ, ಮಗ, ಮಗಳು ಮೂವರಲ್ಲೂ ಒಂದೇ ಮಟ್ಟ, ಅದೂ ದಶಕಗಳಿಂದ ಬದಲಾಗದೆ ಇದ್ದರೆ ಅದು ವಂಶದಿಂದ ಬಂದದ್ದೆಂದು ಊಹಿಸಲು ಸಾಕಷ್ಟು ಆಧಾರವಿದೆ.

ಆದರೂ ಶಿಬಿರದ ಒಂದೇ ವರದಿಯ ಮೇಲೆ ನಿರ್ಧಾರಕ್ಕೆ ಬರಬಾರದು. ಯಾವುದೇ ತೀವ್ರ ಜ್ವರದಲ್ಲಿ ಕೊಲೆಸ್ಟ್ರಾಲ್ ಇಳಿಯುತ್ತದೆ, ಮತ್ತು ಮೊದಲಿನ ಮಟ್ಟಕ್ಕೆ ಬರಲು ಕೆಲವು ವಾರಗಳೇ ಬೇಕು. ನಮ್ಮಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಇಲಿಜ್ವರವೋ ಡೆಂಗಿಯೋ ಬಂದು ಹೋದವರು ಆರೋಗ್ಯ ಶಿಬಿರಕ್ಕೆ ಬರುವುದು ಸಾಮಾನ್ಯ. ಅಂಥವರು ಕನಿಷ್ಠ ಆರರಿಂದ ಎಂಟು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ತಾಂತ್ರಿಕ ಸಂಗತಿಯೂ ಇದೆ. ಬಹುತೇಕ ಪ್ರಯೋಗಾಲಯಗಳು ಎಲ್‌ಡಿಎಲನ್ನು ನೇರವಾಗಿ ಅಳೆಯುವುದಿಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಂತೆ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಬರೆಯುತ್ತವೆ. ನಿಮ್ಮ ವರದಿಯಲ್ಲೂ ಅದೇ ಆಗಿದೆ: 94ರಿಂದ 52 ಮತ್ತು 9 ಕಳೆದರೆ 33. ಎಲ್‌ಡಿಎಲ್ ಬಹಳ ಕಡಿಮೆ ಇದ್ದಾಗ ಈ ಲೆಕ್ಕ ತಪ್ಪುವ ಸಾಧ್ಯತೆ ಹೆಚ್ಚು. ಆದ್ದರಿಂದ ಮುಂದಿನ ಸಲ ನೇರವಾಗಿ ಅಳೆದ ಎಲ್‌ಡಿಎಲ್ ಮತ್ತು ಅಪೋಲಿಪೋಪ್ರೋಟೀನ್ ಬಿ ಎಂಬ ಎರಡನ್ನೂ ಕೇಳಿ ಬರೆಸಿಕೊಳ್ಳಿ. ಎರಡನೆಯದನ್ನು ಊರಿನ ಪ್ರಯೋಗಾಲಯದಲ್ಲೇ ಮಾಡದಿದ್ದರೂ ಮಾದರಿಯನ್ನು ಮೈಸೂರಿಗೋ ಬೆಂಗಳೂರಿಗೋ ಕಳುಹಿಸಿ ವರದಿ ತರಿಸುತ್ತಾರೆ.

ಈ ಅಪೋಲಿಪೋಪ್ರೋಟೀನ್ ಬಿ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ರಕ್ತವೋ ಬಹುಪಾಲು ನೀರು. ಹೀಗಾಗಿ ಯಕೃತ್ತು ತನ್ನಲ್ಲಿರುವ ಕೊಬ್ಬನ್ನು ಹೊರಗೆ ಕಳುಹಿಸಬೇಕಾದರೆ ಅದನ್ನು ಪ್ರೋಟೀನಿನ ಕವಚದ ಕಣಗಳಾಗಿ ಕಟ್ಟಿ ಕಳುಹಿಸಬೇಕು. ಎಲ್‌ಡಿಎಲ್ ಕೂಡ ಅಂಥ ಕಣವೇ. ಹಾಗೆ ಕಟ್ಟುವ ಪ್ರೋಟೀನೇ ಈ ಅಪೋಲಿಪೋಪ್ರೋಟೀನ್ ಬಿ, ಚಿಕ್ಕದಾಗಿ ಅಪೋಬಿ. ಅದು 4,536 ಅಮೈನೊ ಆಮ್ಲಗಳ ಉದ್ದನೆಯ ಸರಪಣಿ; ನಮ್ಮ ದೇಹದ ದೊಡ್ಡ ಪ್ರೋಟೀನುಗಳಲ್ಲಿ ಒಂದು. ಯಕೃತ್ತು ಇದನ್ನು ಪೂರ್ಣ ಉದ್ದಕ್ಕೆ ತಯಾರಿಸುತ್ತದೆ, ಅದಕ್ಕೆ ಬಿ-100 ಎಂದು ಹೆಸರು. ಕರುಳು ಅದೇ ವಂಶವಾಹಿಯಿಂದ ಮೊದಲ 48 ಶೇಕಡಾ ಭಾಗವನ್ನು ಮಾತ್ರ ತಯಾರಿಸಿಕೊಂಡು, ಊಟದ ಕೊಬ್ಬನ್ನು ಸಾಗಿಸಲು ಬಳಸುತ್ತದೆ, ಅದು ಬಿ-48. ಒಂದು ಕಣಕ್ಕೆ ಒಂದೇ ಅಪೋಬಿ, ಕಣ ಹುಟ್ಟಿದಲ್ಲಿಂದ ಕೊನೆಯವರೆಗೂ ಅದು ಬದಲಾಗುವುದಿಲ್ಲ. ಹಾಗಾಗಿ ಅಪೋಬಿ ಅಳೆದರೆ ರಕ್ತದಲ್ಲಿ ಎಷ್ಟು ಕಣಗಳಿವೆ ಎಂದು ಎಣಿಸಿದಂತೆಯೇ ಆಗುತ್ತದೆ.

ತೋಟದವರಾದ ನಿಮಗೆ ಇದನ್ನು ಹೀಗೆ ಹೇಳಬಹುದು. ಕಾಫಿ ಕೊಯ್ಲು ಮುಗಿದ ಮೇಲೆ ಆನೆಚೌಕೂರಿನ ಗೇಟಿನಲ್ಲಿ ಒಬ್ಬರು ಕುಳಿತು ಹುಣಸೂರಿನ ಕಡೆಗೆ ಕಾಫಿ ತುಂಬಿಕೊಂಡು ಹೋಗುವ ಲಾರಿಗಳನ್ನು ಎಣಿಸುತ್ತಾರೆಂದು ಭಾವಿಸಿ. ಒಂದು ವರ್ಷ ಲಾರಿಗಳು ಬಹಳ ಕಡಿಮೆ ಕಂಡವು. ತೋಟಗಳಲ್ಲಿ ಲಾರಿಯೇ ಸಿಗದೆ ಮೂಟೆಗಳು ಕಾಫಿ ಒಣಗಿಸುವ ಕಣದಲ್ಲೇ ಬಿದ್ದಿರಬಹುದು. ಫಸಲೇ ಬಾರದೆಯೂ ಇರಬಹುದು. ರಕ್ತದಲ್ಲಿ ಕೊಲೆಸ್ಟ್ರಾಲ್ ಅಳೆಯುವ ನಾವೂ ಗೇಟಿನಲ್ಲಿ ಕುಳಿತವರೇ. ಕಣದಲ್ಲಿ ಮೂಟೆ ಬಿದ್ದಿದೆಯೇ ಇಲ್ಲವೇ ಎಂಬುದು ಆ ಎಣಿಕೆಯಿಂದ ತಿಳಿಯುವುದಿಲ್ಲ, ತೋಟಕ್ಕೇ ಹೋಗಿ ನೋಡಬೇಕು. ನಿಮ್ಮ ಸ್ಕ್ಯಾನಿಂಗ್ ಮಾಡಿದ್ದು ಅದನ್ನೇ: ಮೂಟೆಗಳು ಕಣದಲ್ಲೇ ಇವೆ ಎಂದು ಅದು ತೋರಿಸಿದೆ.

ಕೌಟುಂಬಿಕ ಹೈಪೋಬೀಟಾಲಿಪೋಪ್ರೋಟೀನೀಮಿಯಾ ಎಂಬ ಉದ್ದನೆಯ ಹೆಸರಿನ ಸ್ಥಿತಿಯಲ್ಲಿ ಆಗುವುದು ಹೀಗೆಯೇ. ಅಪೋಬಿಯ ವಂಶವಾಹಿ ಎರಡನೆಯ ಕ್ರೋಮೋಸೋಮಿನಲ್ಲಿದೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿ ನಮಗೆ ಬಂದಿರುತ್ತವೆ. ಅದರಲ್ಲಿ ಒಂದು ಪ್ರತಿಯಲ್ಲಿ ದೋಷವಿದ್ದು ಪ್ರೋಟೀನ್ ಅರ್ಧಕ್ಕೇ ತುಂಡಾದರೆ ಆ ತುಂಡು ಕೊಬ್ಬನ್ನು ಸರಿಯಾಗಿ ಹೊರುವುದಿಲ್ಲ. ತುಂಡಿನ ಉದ್ದದ ಮೇಲೆಯೇ ಹೆಸರು: 37 ಶೇಕಡಾ ಉಳಿದಿದ್ದರೆ ಬಿ-37. ಒಂದು ಪ್ರತಿ ಕೆಟ್ಟರೆ ಅಪೋಬಿ ಅರ್ಧಕ್ಕೆ ಇಳಿಯಬೇಕೆಂದು ಯಾರಾದರೂ ಲೆಕ್ಕ ಹಾಕುತ್ತಾರೆ, ಆದರೆ ಇಂಥವರಲ್ಲಿ ಅದು ಸಾಮಾನ್ಯ ಮಟ್ಟದ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟೇ ಇರುತ್ತದೆ, ಏಕೆಂದರೆ ಸರಿಯಾಗಿರುವ ಪ್ರತಿಯಿಂದ ಬರುವ ಬಿ-100 ಕೂಡ ಯಕೃತ್ತಿನಿಂದ ನಿರೀಕ್ಷೆಗಿಂತ ಕಡಿಮೆ ಹೊರಬರುತ್ತದೆ ಮತ್ತು ಹೊರಬಂದ ಕಣಗಳನ್ನು ದೇಹ ಬೇಗ ತೆಗೆದುಬಿಡುತ್ತದೆ. ಒಂದು ದೋಷಪೂರಿತ ಪ್ರತಿ ಇರುವವರ ಎಲ್‌ಡಿಎಲ್ ಹೆಚ್ಚಾಗಿ 20ರಿಂದ 50ರೊಳಗೆ, ಟ್ರೈಗ್ಲಿಸರೈಡ್ ಕಡಿಮೆ, ಎಚ್‌ಡಿಎಲ್ ಸಾಮಾನ್ಯ ಅಥವಾ ತುಸು ಹೆಚ್ಚು. ಸಾವಿರದಿಂದ ಮೂರು ಸಾವಿರ ಜನರಲ್ಲಿ ಒಬ್ಬರಿಗೆ ಇದು ಇರುತ್ತದೆಂದು ಅಂದಾಜು. ಬಹುತೇಕರಿಗೆ ಯಾವ ತೊಂದರೆಯೂ ಅನುಭವಕ್ಕೆ ಬರುವುದಿಲ್ಲ. ಯಾವುದೋ ಕಾರಣಕ್ಕೆ ರಕ್ತ ಪರೀಕ್ಷಿಸಿದಾಗ ಗೊತ್ತಾಗುತ್ತದೆ, ನಿಮಗೆ ಗೊತ್ತಾದಂತೆಯೇ.

ಹೊರಗೆ ಹೋಗದ ಕೊಬ್ಬು ಯಕೃತ್ತಿನಲ್ಲಿ ಉಳಿಯುತ್ತದೆ. ಇಂಥ ಕುಟುಂಬದವರ ಯಕೃತ್ತಿನಲ್ಲಿ ಕೊಬ್ಬಿನ ಅಂಶ ಇತರರಿಗಿಂತ ಮೂರರಿಂದ ಐದು ಪಟ್ಟು ಹೆಚ್ಚಿರುತ್ತದೆಂದು ಅಳತೆಗಳು ತೋರಿಸಿವೆ. ಸಣಕಲು ಮೈಯ, ಸಕ್ಕರೆ ಕಾಯಿಲೆಯಿಲ್ಲದ, ಅಪರೂಪಕ್ಕೆ ಮಾತ್ರ ಕುಡಿಯುವ ವ್ಯಕ್ತಿಗೆ ಫ್ಯಾಟಿ ಲಿವರ್ ಎಂದಾಗ 'ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ' ಎಂದು ವೈದ್ಯರೇ ಅನುಮಾನಿಸಿದ್ದನ್ನು ನಾನು ಕಂಡಿದ್ದೇನೆ. ಅದು ಆ ಮನುಷ್ಯನಿಗೆ ಬಹಳ ನೋವು ಕೊಡುವ ಸಂಗತಿ. ಕಡಿಮೆ ಟ್ರೈಗ್ಲಿಸರೈಡ್ ಜೊತೆಗೆ ಫ್ಯಾಟಿ ಲಿವರ್ ಕಂಡಾಗ, ಬೊಜ್ಜಿನಿಂದ ಬರುವ ಫ್ಯಾಟಿ ಲಿವರ್‌ನಲ್ಲಿ ಟ್ರೈಗ್ಲಿಸರೈಡ್ ಸಾಮಾನ್ಯವಾಗಿ ಏರಿರುತ್ತದಲ್ಲವೇ ಎಂದು ಒಂದು ಕ್ಷಣ ನಿಂತು ಯೋಚಿಸಿದರೆ ಆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಈಗ ಇನ್ನೊಂದು ಬಗೆಯ ಕುಟುಂಬವನ್ನು ನೋಡೋಣ, ಏಕೆಂದರೆ 'ಪುಣ್ಯವಂತರು' ಎಂಬ ಮಾತು ಬಂದಿರುವುದು ಅಲ್ಲಿಂದ. ಯಕೃತ್ತಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಆ ಗ್ರಾಹಕಗಳನ್ನು ನಾಶಮಾಡುವ ಕೆಲಸ ಮಾಡುತ್ತದೆ. ವಂಶಪಾರಂಪರ್ಯವಾಗಿ ಆ ಪ್ರೋಟೀನ್ ಕೆಲಸ ಮಾಡದವರಲ್ಲಿ ಗ್ರಾಹಕಗಳು ಹೆಚ್ಚು ಉಳಿದು, ಎಲ್‌ಡಿಎಲ್ ರಕ್ತದಿಂದ ಬೇಗ ಖಾಲಿಯಾಗುತ್ತದೆ. ಲಾರಿಗಳ ಮಾತಿಗೇ ಬಂದರೆ, ಇಲ್ಲಿ ತೋಟದಲ್ಲಿ ಮೂಟೆ ಬಿದ್ದಿಲ್ಲ. ಲಾರಿಗಳು ಹೊರಟಿವೆ, ಆದರೆ ದಾರಿಯಲ್ಲಿ ನಿಲ್ಲದೆ ಬೇಗನೆ ಸರಕು ಇಳಿಸಿ ಮುಗಿಸುತ್ತಿವೆ. ಅಮೆರಿಕದ ಡಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಅವರ ತಂಡ 2005ರಲ್ಲಿ ಇಂಥವರನ್ನು ಗುರುತಿಸಿತು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಈ ಬದಲಾವಣೆಯಿದ್ದ ಕಪ್ಪು ಅಮೆರಿಕನ್ನರ ಎಲ್‌ಡಿಎಲ್ ಸರಾಸರಿ 28 ಶೇಕಡಾ ಕಡಿಮೆಯಿತ್ತು, ಹೃದಯದ ರಕ್ತನಾಳದ ಕಾಯಿಲೆ 88 ಶೇಕಡಾ ಕಡಿಮೆಯಿತ್ತು. ಎರಡೂ ಪ್ರತಿಗಳಲ್ಲಿ ಬದಲಾವಣೆಯಿದ್ದು ಎಲ್‌ಡಿಎಲ್ ಕೇವಲ 14 ಇದ್ದ ಆರೋಗ್ಯವಂತ ಮಹಿಳೆಯೊಬ್ಬರನ್ನೂ ವೈದ್ಯಲೋಕ ಕಂಡಿತು. ಅವರಿಗೆ ಮಕ್ಕಳೂ ಇದ್ದರು. ಹತ್ತು ವರ್ಷ ಕಳೆಯುವುದರೊಳಗೆ, 2015ರಲ್ಲಿ, ಪಿಸಿಎಸ್‌ಕೆ9 ಅನ್ನು ತಡೆಯುವ ಚುಚ್ಚುಮದ್ದುಗಳು ಬಳಕೆಗೆ ಬಂದವು. ಕೆಲವು ಕುಟುಂಬಗಳ ರಕ್ತವನ್ನು ಆಸಕ್ತಿಯಿಂದ ನೋಡಿದ್ದರಿಂದ ಲಕ್ಷಾಂತರ ಹೃದ್ರೋಗಿಗಳಿಗೆ ಔಷಧ ಸಿಕ್ಕಿತು ಎಂಬುದು ನನಗೆ ಇವತ್ತಿಗೂ ಮನಸ್ಸು ತುಂಬುವ ಸಂಗತಿ.

ಆದರೆ ನಿಮ್ಮ ಮನೆಯಲ್ಲಿರುವುದು ಇದು ಎಂದು ನನಗನ್ನಿಸುವುದಿಲ್ಲ. ಪಿಸಿಎಸ್‌ಕೆ9ರ ಒಂದು ಪ್ರತಿ ಮಾತ್ರ ಕೆಟ್ಟಿರುವವರ ಎಲ್‌ಡಿಎಲ್ ಸಾಮಾನ್ಯವಾಗಿ 33ರಷ್ಟು ಕೆಳಗೆ ಇಳಿದಿರುವುದಿಲ್ಲ, ಮತ್ತು ಅವರಲ್ಲಿ ಯಕೃತ್ತಿನ ಕೊಬ್ಬು ಈ ಕಾರಣದಿಂದ ಹೆಚ್ಚುವುದಿಲ್ಲ. ಮೂರನೆಯ ಬಗೆಯೊಂದಿದೆ, ಎಎನ್‌ಜಿಪಿಟಿಎಲ್3 ಎಂಬ ಪ್ರೋಟೀನಿನ ಎರಡೂ ಪ್ರತಿ ಕೆಟ್ಟಿರುವವರದ್ದು. 2010ರಲ್ಲಿ ಕುಟುಂಬವೊಂದರ ವಂಶವಾಹಿಗಳನ್ನು ಓದಿ ಅದನ್ನು ಕಂಡುಹಿಡಿದರು. ಅವರಲ್ಲಿ ಎಲ್‌ಡಿಎಲ್, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಮೂರೂ ಕಡಿಮೆ. ನಿಮ್ಮ ಎಚ್‌ಡಿಎಲ್ 52 ಇರುವುದರಿಂದ ಅದನ್ನೂ ಬದಿಗಿಡಬಹುದು.

ಅಪೋಬಿ ದೋಷ, ಪಿಸಿಎಸ್‌ಕೆ9 ದೋಷ ಎಂಬ ಮೊದಲ ಎರಡು ಬಗೆಗಳ ನಡುವಿನ ವ್ಯತ್ಯಾಸ ನಿಜವೆಂಬುದಕ್ಕೆ ಔಷಧಗಳೇ ಸಾಕ್ಷಿ ಹೇಳಿವೆ. ಯಕೃತ್ತಿನಿಂದ ಕೊಬ್ಬು ಹೊರಬರುವುದನ್ನೇ ತಡೆಯುವ ಲೋಮಿಟಪೈಡ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು; ಅಪೋಬಿ ತಯಾರಿಕೆಯನ್ನೇ ತಗ್ಗಿಸುವ ಮಿಪೋಮರ್ಸನ್ ಚುಚ್ಚುಮದ್ದಿಗೆ 2013ರಲ್ಲಿ. ಎರಡೂ ಎಲ್‌ಡಿಎಲನ್ನು ಇಳಿಸಿದವು, ಎರಡೂ ಯಕೃತ್ತಿನಲ್ಲಿ ಕೊಬ್ಬು ಕೂಡಿಸಿದವು, ಆದ್ದರಿಂದಲೇ ಎರಡನ್ನೂ ತೀರಾ ಅಪರೂಪದ, ಬೇರೆ ದಾರಿಯಿಲ್ಲದ ರೋಗಿಗಳಿಗೆ ಸೀಮಿತಗೊಳಿಸಬೇಕಾಯಿತು. ಪಿಸಿಎಸ್‌ಕೆ9 ತಡೆಯುವ ಮದ್ದುಗಳಲ್ಲಿ ಆ ತೊಂದರೆ ಕಾಣಲಿಲ್ಲ. ನಿಮ್ಮ ದೇಹ ಹುಟ್ಟಿನಿಂದ ಮೊದಲ ಬಗೆಯ ಔಷಧ ಸೇವಿಸಿದಂತೆ ಇದೆ. ಹೃದಯಕ್ಕೆ ಅದರಿಂದ ಲಾಭವಿದೆ, ಇಂಥ ಕುಟುಂಬಗಳಲ್ಲಿ ಹೃದಯಾಘಾತ ಕಡಿಮೆ ಎಂಬುದೂ ನಿಜ. ಶಿಬಿರದವರು ಅಷ್ಟನ್ನು ಹೇಳಿದ್ದು ತಪ್ಪಲ್ಲ. 'ಏನು ಬೇಕಾದರೂ ತಿನ್ನಿ' ಎಂದದ್ದು ತಪ್ಪು.

ನೆಂಟರ ಸಲಹೆಯೂ ಅಷ್ಟೇ ತಪ್ಪು. ತುಪ್ಪ, ಮೊಟ್ಟೆ ಹೆಚ್ಚು ತಿಂದರೆ ನಿಮ್ಮ ಸಂಖ್ಯೆ ಏರುವುದಿಲ್ಲ, ಏರಬೇಕಾದ ಅಗತ್ಯವೂ ಇಲ್ಲ. ಆಗತಾನೆ ಹುಟ್ಟಿದ ಆರೋಗ್ಯವಂತ ಮಗುವಿನ ಎಲ್‌ಡಿಎಲ್ ಸುಮಾರು 30 ಇರುತ್ತದೆ, ಆ ಮಟ್ಟದಲ್ಲೇ ಅದರ ಮಿದುಳು ಅತಿ ವೇಗವಾಗಿ ಬೆಳೆಯುತ್ತದೆ. ಮಿದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ, ರಕ್ತದ ಎಲ್‌ಡಿಎಲ್ ಅಲ್ಲಿಗೆ ದಾಟಿ ಹೋಗುವುದೇ ಇಲ್ಲ. 2017ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಔಷಧದಿಂದ ಎಲ್‌ಡಿಎಲನ್ನು 30ರ ಸುತ್ತ ಇಳಿಸಿದವರ ಜ್ಞಾಪಕಶಕ್ತಿಯನ್ನು ವಿಶೇಷವಾಗಿ ಅಳೆದು ನೋಡಲಾಗಿತ್ತು. ಔಷಧ ಪಡೆಯದವರಿಗೂ ಅವರಿಗೂ ವ್ಯತ್ಯಾಸ ಸಿಗಲಿಲ್ಲ. ನಿಮ್ಮ 79 ವರ್ಷದ ತಂದೆ ಮನೆಯ ಕಣ್ಣೆದುರಿನ ಉದಾಹರಣೆ. ಆ ಭಯವನ್ನು ಪೂರ್ತಿ ಬಿಟ್ಟುಬಿಡಿ.

ಗಮನ ಕೊಡಬೇಕಾದದ್ದು ಯಕೃತ್ತಿಗೆ. ಅಪೋಬಿ ದೋಷದಿಂದ ಬರುವ ಕೊಬ್ಬು ಬಹಳ ಜನರಲ್ಲಿ ವರ್ಷಾನುಗಟ್ಟಲೆ ಸುಮ್ಮನೆ ಉಳಿದಿರುತ್ತದೆ, ಆದರೆ ಕೆಲವರಲ್ಲಿ ಯಕೃತ್ತು ಗಟ್ಟಿಯಾಗುವ ಸಿರೋಸಿಸ್‌ವರೆಗೆ ಹೋದ, ಅಲ್ಲಿಂದ ಯಕೃತ್ತಿನ ಕ್ಯಾನ್ಸರ್‌ವರೆಗೂ ಹೋದ ವರದಿಗಳಿವೆ. ಮದ್ಯಪಾನ, ತೂಕ ಹೆಚ್ಚುವುದು ಮತ್ತು ಸಕ್ಕರೆ ಕಾಯಿಲೆ ಆ ದಾರಿಯಲ್ಲಿ ಮುಂದೆ ತಳ್ಳುತ್ತವೆ. ಕೊಡಗಿನಲ್ಲಿ ಮದುವೆ, ನಾಮಕರಣ, ಕೈಲ್‌ಪೊಳ್ದ್, ಪುತ್ತರಿ ಹಬ್ಬ ಎಂದು ಮನೆಗೆ ಬಂದವರಿಗೆ ಕುಡಿಯಲು ಕೊಡುವುದೂ ಕೊಟ್ಟದ್ದನ್ನು ಸ್ವೀಕರಿಸುವುದೂ ಮರ್ಯಾದೆಯ ಭಾಗವೆಂದು ನನಗೆ ಗೊತ್ತಿದೆ. ಗೊತ್ತಿದ್ದೂ ಸ್ಪಷ್ಟವಾಗಿ ಹೇಳುತ್ತೇನೆ: ನಿಮಗೂ ನಿಮ್ಮ ತಂಗಿಗೂ ಮದ್ಯ ಬೇಡ, ಹಬ್ಬಕ್ಕೂ ಬೇಡ. ಬೇರೆಯವರ ಯಕೃತ್ತಿಗೆ ಕೊಬ್ಬನ್ನು ಹೊರಗೆ ಕಳುಹಿಸುವ ದಾರಿಯಿದೆ, ನಿಮ್ಮದಕ್ಕೆ ಅದು ಕಿರಿದು.

ಊಟದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಬೇಕಿಲ್ಲ. ಪಂದಿಕರಿ ಬಿಡಬೇಕಾಗಿಲ್ಲ, ಆದರೆ ಅದು ಹಬ್ಬದ ಊಟವಾಗಿಯೇ ಇರಲಿ, ನೆಣ ಬಿಟ್ಟು ಬಾಡು ತಿನ್ನಿ. ಬಹಳ ಜನ ಮರೆಯುವ ಸಂಗತಿ ಎಂದರೆ ಯಕೃತ್ತು ಸಕ್ಕರೆ ಮತ್ತು ಹಿಟ್ಟಿನಿಂದಲೂ ಕೊಬ್ಬು ತಯಾರಿಸುತ್ತದೆ ಎಂಬುದು. ಕಡಂಬುಟ್ಟು, ನೂಪುಟ್ಟು, ಅಕ್ಕಿರೊಟ್ಟಿ, ಮೂರು ಹೊತ್ತೂ ಅಕ್ಕಿಯೇ ಆದಾಗ ಪ್ರಮಾಣ ತಗ್ಗಿಸಿ ಜೊತೆಗೆ ಮೀನು, ಕಾಳು, ಸೊಪ್ಪು ಹೆಚ್ಚಿಸುವುದು ಒಳ್ಳೆಯದು. ಕಾಫಿ ಬಿಡಬೇಡಿ: ಕಾಫಿ ಕುಡಿಯುವವರ ಯಕೃತ್ತು ಗಟ್ಟಿಯಾಗುವುದು ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಬೆಲ್ಲದ ಕಾಫಿಯಲ್ಲಿ ಬೆಲ್ಲವನ್ನು ಮಾತ್ರ ಕಡಿಮೆ ಮಾಡಿ.

ಎಸ್‌ಜಿಪಿಟಿ 58 ಇರುವುದಕ್ಕೆ ಇದೊಂದೇ ಕಾರಣವೆಂದು ಈಗಲೇ ಮುಚ್ಚಿಬಿಡಬಾರದು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನೂ ಥೈರಾಯ್ಡ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ, ನೀವು ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು, ನಾಟಿ ಔಷಧವೂ ಸೇರಿದಂತೆ, ವೈದ್ಯರಿಗೆ ತೋರಿಸಿ. ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಎಂಬ ನೋವಿಲ್ಲದ ಪರೀಕ್ಷೆ ಮೈಸೂರಿನಲ್ಲಿ ಸಿಗುತ್ತದೆ. ಅದಕ್ಕೂ ಮೊದಲು ವಯಸ್ಸು, ಎಸ್‌ಜಿಒಟಿ ಎಂಬ ಇನ್ನೊಂದು ಯಕೃತ್ತಿನ ಪರೀಕ್ಷೆ, ಎಸ್‌ಜಿಪಿಟಿ ಮತ್ತು ಪ್ಲೇಟ್‌ಲೆಟ್ ಎಣಿಕೆ ಈ ನಾಲ್ಕರಿಂದಲೇ ಒಂದು ಅಂದಾಜು ಲೆಕ್ಕ ಹಾಕಲು ನಿಮ್ಮ ವೈದ್ಯರಿಗೆ ಸಾಧ್ಯ. ವಿಟಮಿನ್ ಎ, ಡಿ, ಇ, ಕೆ ಕೊಬ್ಬಿನ ಜೊತೆಯಲ್ಲೇ ಸಾಗುವುದರಿಂದ ಒಮ್ಮೆ ನೋಡಬಹುದು. ಇಲ್ಲಿ ಒಂದು ಎಚ್ಚರಿಕೆ: ವಿಟಮಿನ್ ಇ ರಕ್ತದಲ್ಲಿ ಇದೇ ಕಣಗಳ ಮೇಲೆ ಕುಳಿತು ಹೋಗುತ್ತದೆ, ಕಣಗಳೇ ಕಡಿಮೆಯಿದ್ದಾಗ ಅದರ ಸಂಖ್ಯೆಯೂ ಕಡಿಮೆ ಕಾಣುತ್ತದೆ. ಅದನ್ನು ರಕ್ತದ ಒಟ್ಟು ಕೊಬ್ಬಿನೊಂದಿಗೆ ತುಲನೆ ಮಾಡಿಯೇ ಕೊರತೆ ಇದೆಯೇ ಎಂದು ನಿರ್ಧರಿಸಬೇಕು. ವರದಿಯಲ್ಲಿ ಕೆಂಪು ಗುರುತು ಕಂಡ ತಕ್ಷಣ ಗುಳಿಗೆ ನುಂಗಬೇಡಿ.

ಇನ್ನು ಮದುವೆಯ ಮಾತು. ನೀವು ಇದನ್ನು ಪತ್ರದ ಕೊನೆಯಲ್ಲಿ ಸಂಕೋಚದಿಂದ ಕೇಳಿದ್ದೀರಿ, ಆದರೆ ಇದೇ ಅತಿ ಮುಖ್ಯವಾದ ಪ್ರಶ್ನೆ, ಮತ್ತು ಕೇಳಿದ್ದಕ್ಕೆ ನಾನು ಕೃತಜ್ಞನಾಗಿದ್ದೇನೆ.

ನಮ್ಮಲ್ಲಿ ಒಂದೇ ಒಕ್ಕದೊಳಗೆ, ಅಂದರೆ ತಂದೆಯ ಕಡೆಯ ಒಂದೇ ಮನೆತನದೊಳಗೆ, ಮದುವೆಯಿಲ್ಲ, ಸೋದರತ್ತೆಯ ಮಕ್ಕಳಿಗೂ ಸೋದರಮಾವನ ಮಕ್ಕಳಿಗೂ ಮದುವೆ ಉಂಟು. ಒಕ್ಕದ ಹೆಸರು ತಂದೆಯಿಂದ ಮಗನಿಗೆ ಹೋಗುತ್ತದೆ. ವಂಶವಾಹಿ ಹಾಗೆ ಮನೆಹೆಸರು ನೋಡಿ ಹೋಗುವುದಿಲ್ಲ. ನಿಮ್ಮ ತಂಗಿ ಮದುವೆಯಾಗಿ ಬೇರೆ ಒಕ್ಕಕ್ಕೆ ಸೇರಿದ್ದಾರೆ, ಅವರ ಮಗನದ್ದು ಬೇರೆ ಮನೆಹೆಸರು, ಆದರೂ ನಿಮ್ಮ ತಂದೆಯಿಂದ ಬಂದ ಅದೇ ಪ್ರತಿ ತಂಗಿಯ ಮೂಲಕ ಆ ಹುಡುಗನಿಗೆ ಬಂದಿರುವ ಸಾಧ್ಯತೆ ಎರಡರಲ್ಲಿ ಒಂದು. ನಿಮ್ಮ ಮಗಳಿಗೂ ಎರಡರಲ್ಲಿ ಒಂದು. ಇಬ್ಬರಲ್ಲೂ ಇದ್ದು ಮದುವೆಯಾದರೆ, ಪ್ರತಿ ಗರ್ಭದಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಸೇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಯಾವ ಪರೀಕ್ಷೆಯೂ ಇಲ್ಲದೆ, ನಿಮಗೂ ತಂಗಿಗೂ ಅಪೋಬಿ ದೋಷವೇ ಇದೆಯೆಂದಿಟ್ಟುಕೊಂಡು ಈಗಲೇ ಲೆಕ್ಕ ಹಾಕಿದರೆ ಹದಿನಾರರಲ್ಲಿ ಒಂದು. ಸಂಬಂಧವಿಲ್ಲದ ಮನೆಗೆ ಮಗಳನ್ನು ಕೊಟ್ಟಾಗ ಇದೇ ಲೆಕ್ಕ ಸಾವಿರಗಳಲ್ಲಿ ಒಂದಕ್ಕೆ ಇಳಿಯುತ್ತದೆ.

ಎರಡೂ ಪ್ರತಿ ಕೆಟ್ಟ ಮಗುವಿನ ಸ್ಥಿತಿ ನಿಮ್ಮದರಂತೆ ಇರುವುದಿಲ್ಲ. ಅಲ್ಲಿ ಕರುಳಿನಿಂದಲೂ ಕೊಬ್ಬು ಒಳಗೆ ಬಾರದಿರಬಹುದು. ಎಳೆಗೂಸಿನಲ್ಲೇ ವಾಂತಿ, ಜಿಡ್ಡಿನ ದುರ್ವಾಸನೆಯ ಭೇದಿ, ತೂಕ ಏರದಿರುವುದು, ಮುಂದೆ ವಿಟಮಿನ್ ಇ ಮತ್ತು ಎ ಕೊರತೆಯಿಂದ ಇರುಳುಗುರುಡು, ನಡಿಗೆಯಲ್ಲಿ ತೂರಾಟ, ನರಗಳ ಹಾನಿ ಬರಬಹುದು. ತುಂಡಾದ ಪ್ರೋಟೀನಿನ ಉದ್ದ ಎಷ್ಟು ಎಂಬುದರ ಮೇಲೆ ತೀವ್ರತೆ ಹೆಚ್ಚುಕಡಿಮೆಯಾಗುತ್ತದೆ. ಬಿ-48ಕ್ಕಿಂತ ಉದ್ದವಿದ್ದರೆ ಕರುಳಿನ ಕೆಲಸ ಉಳಿಯುತ್ತದೆ, ಅದಕ್ಕಿಂತ ಗಿಡ್ಡವಿದ್ದರೆ ಕಷ್ಟ. ಇದೇ ಲಕ್ಷಣಗಳ ಇನ್ನೊಂದು ಕಾಯಿಲೆಯನ್ನು 1950ರಲ್ಲಿ ನ್ಯೂಯಾರ್ಕಿನ ಬ್ಯಾಸೆನ್ ಮತ್ತು ಕಾರ್ನ್‌ಜ್ವೈಗ್ ಎಂಬ ವೈದ್ಯರು ವರ್ಣಿಸಿದರು. ರೋಗಿಯ ಕೆಂಪು ರಕ್ತಕಣಗಳು ಮುಳ್ಳುಮುಳ್ಳಾಗಿದ್ದವು. ಅಬೀಟಾಲಿಪೋಪ್ರೋಟೀನೀಮಿಯಾ ಎಂದು ಕರೆಯುವ ಆ ಕಾಯಿಲೆಯಲ್ಲಿ ಅಪೋಬಿ ಸರಿಯಾಗಿಯೇ ಇರುತ್ತದೆ, ಅದಕ್ಕೆ ಕೊಬ್ಬು ತುಂಬಿಸಿಕೊಡುವ ಎಂಟಿಪಿ ಎಂಬ ಪ್ರೋಟೀನ್ ಇರುವುದಿಲ್ಲ. ಇದು ಗೊತ್ತಾದದ್ದು 1992ರಲ್ಲಿ. ಅಲ್ಲಿ ತಂದೆತಾಯಿಯ ಕೊಲೆಸ್ಟ್ರಾಲ್ ಸಾಮಾನ್ಯವಾಗಿಯೇ ಇರುತ್ತದೆ, ಹಾಗಾಗಿ ನಿಮ್ಮ ಮನೆಗೆ ಅದು ಹೊಂದುವುದಿಲ್ಲ. ಅದರಿಂದ ಕಲಿತ ಒಂದು ಪಾಠ ಮಾತ್ರ ಎರಡಕ್ಕೂ ಸಲ್ಲುತ್ತದೆ: ಶೈಶವದಲ್ಲೇ ಗುರುತಿಸಿ ವೈದ್ಯರ ನಿಗಾದಲ್ಲಿ ದೊಡ್ಡ ಪ್ರಮಾಣದ ವಿಟಮಿನ್ ಇ ಮತ್ತು ಇತರ ವಿಟಮಿನ್‌ಗಳನ್ನು, ಕಡಿಮೆ ಕೊಬ್ಬಿನ ಆಹಾರವನ್ನು ಕೊಟ್ಟರೆ ನರ ಮತ್ತು ಕಣ್ಣಿನ ಹಾನಿಯನ್ನು ಬಹಳಮಟ್ಟಿಗೆ ತಡೆಯಬಹುದು.

ಇಷ್ಟನ್ನು ಓದಿ ಸಂಬಂಧವನ್ನು ಈಗಲೇ ಮುರಿಯಬೇಡಿ. ನಿಮ್ಮ ಪ್ರಶ್ನೆಗೆ ಒಂದು ಸುಲಭದ ಬಾಗಿಲು ತೆರೆದಿದೆ. ಈ ದೋಷ ಒಂದೇ ಪ್ರತಿಯಲ್ಲಿದ್ದರೂ ಎಲ್‌ಡಿಎಲ್ ಮತ್ತು ಅಪೋಬಿಯಲ್ಲಿ ಕಾಣಿಸಿಕೊಳ್ಳುತ್ತದೆ, ಅಡಗಿ ಕೂರುವುದಿಲ್ಲ. ಮಗಳು ಮತ್ತು ಹುಡುಗ ಇಬ್ಬರೂ ಜ್ವರ ಕಾಯಿಲೆ ಏನೂ ಇಲ್ಲದ ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಈ ರಕ್ತ ಪರೀಕ್ಷೆ ಮಾಡಿಸಲಿ. ಇಬ್ಬರಲ್ಲಿ ಒಬ್ಬರ ಎಲ್‌ಡಿಎಲ್ 90 ಅಥವಾ 100, ಅಪೋಬಿಯೂ ಅದಕ್ಕೆ ತಕ್ಕಂತೆ ಇದ್ದರೆ ಆ ಒಬ್ಬರಿಗೆ ಅಜ್ಜನ ಪ್ರತಿ ಬಂದಿಲ್ಲವೆಂದೇ ತಿಳಿಯಬಹುದು, ಮತ್ತು ಈ ಒಂದು ಕಾರಣಕ್ಕೆ ಮದುವೆಗೆ ಅಡ್ಡಿಯಿಲ್ಲ. ಇಬ್ಬರದೂ 30–40ರಲ್ಲಿದ್ದರೆ ಮಾತ್ರ ಬೆಂಗಳೂರಿನಂಥ ಕಡೆ ವಂಶವಾಹಿ ಸಲಹೆಗಾರರನ್ನು ಕಂಡು, ಮೊದಲು ನಿಮ್ಮ ರಕ್ತದಲ್ಲಿ ದೋಷ ಯಾವ ಜಾಗದಲ್ಲಿದೆ, ತುಂಡಿನ ಉದ್ದ ಎಷ್ಟು ಎಂದು ಪತ್ತೆಹಚ್ಚಿಸಿ, ಆಮೇಲೆ ಮಕ್ಕಳಿಬ್ಬರೂ ತಾವೇ ಕುಳಿತು ಯೋಚಿಸಲಿ. ಹೀಗೆ ಹುಡುಕಿದಾಗ ದೋಷ ಎಲ್ಲ ಕುಟುಂಬಗಳಲ್ಲೂ ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ; ಸಿಗದಿದ್ದರೆ ರಕ್ತದ ಸಂಖ್ಯೆಗಳನ್ನೇ ಆಧಾರವಾಗಿಟ್ಟುಕೊಳ್ಳಬೇಕಾಗುತ್ತದೆ. ಸೋದರ ಸಂಬಂಧದ ಮದುವೆಯಾದ್ದರಿಂದ ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿಬಿಡುವುದು ಒಳ್ಳೆಯದು, ಅದು ಬೇರೆಯೇ ವಿಷಯ.

ಪರೀಕ್ಷೆಯ ಫಲಿತಾಂಶ ಮಗಳದ್ದು ಮಗಳಿಗೆ, ಹುಡುಗನದ್ದು ಹುಡುಗನಿಗೆ ಸೇರಿದ್ದು. ಅವರನ್ನು ಕೇಳದೆ ಊರಿನಲ್ಲಾಗಲಿ ನೆಂಟರಲ್ಲಾಗಲಿ ಹೇಳಬೇಡಿ. 'ಆ ಮನೆಯವರಿಗೆ ರಕ್ತದ ದೋಷವಿದೆ' ಎಂಬ ಒಂದು ಮಾತು ಎಷ್ಟು ದೂರ ಹೋಗುತ್ತದೆ ಎಂಬುದು ನಿಮಗೂ ಗೊತ್ತು. ಒಂದೇ ಪ್ರತಿಯಿರುವ ಹುಡುಗಿಯೋ ಹುಡುಗನೋ ಬೇರೆ ಯಾರನ್ನು ಮದುವೆಯಾದರೂ ನಿಮ್ಮಂತೆಯೇ, ನಿಮ್ಮ ತಂದೆಯಂತೆಯೇ ಬಾಳಬಲ್ಲರು.

ಪುತ್ತರಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ಒಂದು ಕೆಲಸ ಮಾಡಿ. ದೊಡ್ಡ ಹಾಳೆಯಲ್ಲಿ ನಿಮ್ಮ ಅಜ್ಜ ಅಜ್ಜಿಯಿಂದ ಹಿಡಿದು ವಂಶವೃಕ್ಷ ಬರೆಯಿರಿ. ಒಕ್ಕದ ವಂಶಾವಳಿಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಂತಾನ ಸಾಮಾನ್ಯವಾಗಿ ಬರುವುದಿಲ್ಲ. ಈ ಹಾಳೆಯಲ್ಲಿ ಅವರನ್ನು ಬಿಡಬೇಡಿ. ಯಾರ ಕೊಲೆಸ್ಟ್ರಾಲ್ ಎಷ್ಟಿತ್ತು, ಯಾರಿಗೆ ಯಕೃತ್ತಿನ ತೊಂದರೆ ಇತ್ತು, ಯಾರ ಮಗು ಎಳವೆಯಲ್ಲೇ ಭೇದಿಯಿಂದ ಸೊರಗಿ ಹೋಯಿತು ಎಂಬುದನ್ನು ಹಿರಿಯರಿಂದ ಕೇಳಿ, ಹೇಳಲು ಒಪ್ಪಿದವರದನ್ನು ಬರೆದುಕೊಳ್ಳಿ. ತಂದೆಯವರ ಹಳೆಯ ವರದಿಗಳನ್ನು ಅದರ ಜೊತೆ ಇಟ್ಟು, ಮೊದಲು ತಂದೆ, ನೀವು, ತಂಗಿ ಮೂವರ ಅಪೋಬಿ ಪರೀಕ್ಷೆಯನ್ನು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ ವೈದ್ಯರ ಬಳಿಗೆ ಹೋಗಿ. ತಂಗಿಯ ಅಥವಾ ಬೇರೆ ಯಾರ ಮನೆಯಲ್ಲಾದರೂ ತೂಕ ಏರದ, ಜಿಡ್ಡಿನ ಭೇದಿಯಿರುವ ಎಳೆಮಗುವಿದ್ದರೆ ಪುತ್ತರಿಯವರೆಗೆ ಕಾಯದೆ ನಾಳೆಯೇ ಮಕ್ಕಳ ವೈದ್ಯರಿಗೆ ತೋರಿಸಿ, ಮನೆಯ ಹಿರಿಯರ ಕೊಲೆಸ್ಟ್ರಾಲ್ ಸಂಖ್ಯೆಗಳನ್ನು ಅವರಿಗೆ ಮರೆಯದೆ ತಿಳಿಸಿ.